ಜೇನುತುಪ್ಪ ಬರೀ ಕೆಮ್ಮಿಗಲ್ಲ, ಅಡುಗೆಗೂ ಬೇಕು

ಎಷ್ಟೋ ಮನೆಗಳಲ್ಲಿ ಜೇನುತುಪ್ಪದ ಬಾಟಲಿ ಹೊರಗೆ ಬರುವುದು ಕೆಮ್ಮು ಬಂದಾಗ ಮಾತ್ರ. ಶುಂಠಿ ರಸಕ್ಕೆ ಒಂದು ಚಮಚ, ಪೂಜೆ ಇದ್ದರೆ ಪಂಚಾಮೃತಕ್ಕೆ ಇನ್ನೊಂದು. ಆಮೇಲೆ ಮತ್ತೆ ಕಪಾಟಿಗೆ. ನನಗಂತೂ ಇದು ಬೇಜಾರು. ಮಲೆನಾಡಿನಲ್ಲಿ ದೋಸೆಗೆ ಜೇನುತುಪ್ಪ ಹಾಕಿಕೊಂಡು ತಿನ್ನುತ್ತಾರೆ. ಕೊಡಗಿನಲ್ಲಿ ನೂಪುಟ್ಟಿಗೂ (ಅಕ್ಕಿಯ ಒತ್ತು ಶಾವಿಗೆ) ಅಕ್ಕಿ ರೊಟ್ಟಿಗೂ ಜೇನು ಇರುತ್ತದೆ. ಅಲ್ಲೆಲ್ಲ ಅದು ಊಟದ್ದೇ ಒಂದು ಭಾಗ.

ಅಡುಗೆಗೆ ಬಳಸುವವರಿಗೆ ನನ್ನದು ಒಂದೇ ಕೋರಿಕೆ. ಜೇನನ್ನು ಕುದಿಸಬೇಡಿ. ಆಯುರ್ವೇದವೂ ಬಿಸಿ ಮಾಡಬೇಡಿ ಎನ್ನುತ್ತದೆ, ಆದರೆ ನಾನು ಹೇಳುತ್ತಿರುವುದು ರುಚಿಯ ಮಾತು. ಕುದಿಸಿದರೆ ಹೂವಿನ ಪರಿಮಳ ಹಾರಿಹೋಗಿ ಬರೀ ಸಿಹಿ ಉಳಿಯುತ್ತದೆ. ಸಿಹಿಯಷ್ಟೇ ಬೇಕಿದ್ದರೆ ಬೆಲ್ಲ ಸಾಕಲ್ವಾ? ಪಾಯಸ ಮಾಡಿದರೆ ಒಲೆಯಿಂದ ಇಳಿಸಿ, ಉಗುರು ಬೆಚ್ಚಗಾದ ಮೇಲೆ ಸೇರಿಸಿ. ಬಾಳೆಹಣ್ಣಿನ ರಸಾಯನಕ್ಕೆ ಒಲೆಯೇ ಬೇಡ. ತೆಂಗಿನಕಾಯಿ ಹಾಲು, ಏಲಕ್ಕಿ, ಬೆಲ್ಲದ ಬದಲು ಜೇನು, ಅಷ್ಟೆ.

ಖಾರದ ಅಡುಗೆಗೆ ಜೇನು ಯಾಕೆ ಅಂತ ಕೇಳುವವರು ಜಾಸ್ತಿ. ನಮ್ಮ ಗೊಜ್ಜಿಗೆ, ಸಾರಿಗೆ ಬೆಲ್ಲ ಬೀಳುವುದಿಲ್ಲವೇ? ಹುಳಿ, ಖಾರ ಇರುವ ಕಡೆ ಸ್ವಲ್ಪ ಸಿಹಿ ನಮ್ಮ ನಾಲಿಗೆಗೆ ಹೊಸದೇನಲ್ಲ. ಹಾಗಲಕಾಯಿಯನ್ನು ತೆಳುವಾಗಿ ಹೆಚ್ಚಿ, ಉಪ್ಪು, ಖಾರದ ಪುಡಿ ಹಾಕಿ ಗರಿಗರಿಯಾಗಿ ಹುರಿಯಿರಿ. ಒಲೆ ಆರಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಒಂದು ಚಮಚ ಜೇನು, ನಾಲ್ಕು ಹನಿ ನಿಂಬೆರಸ. ಕಹಿ ಹೋಗುವುದಿಲ್ಲ, ಹೋಗಲೂ ಬಾರದು. ಆದರೆ ಆ ಕಹಿಯೇ ಇಷ್ಟವಾಗತೊಡಗುತ್ತದೆ. ಬೇಯಿಸಿದ ಗೆಣಸಿಗೆ ಉಪ್ಪು, ಕಾಳುಮೆಣಸಿನ ಪುಡಿ, ಜೇನು ಹಾಕಿ ನೋಡಿ. ಕೋಳಿ ಹುರಿಯುವವರು ಕೊನೆಯ ಒಂದೆರಡು ನಿಮಿಷಕ್ಕೆ ಸವರಿದರೆ ಸಾಕು. ಜೇನಿನಲ್ಲಿ ಫ್ರಕ್ಟೋಸ್ ಅನ್ನುವ ಹಣ್ಣಿನ ಸಕ್ಕರೆ ಜಾಸ್ತಿ, ಸಕ್ಕರೆಗಿಂತ ಬೇಗ ಸೀದುಹೋಗುತ್ತದೆ.

ಎಲ್ಲ ಜೇನೂ ಒಂದೇ ಅಲ್ಲ ಅನ್ನುವುದು ಅಡುಗೆಗೆ ಇಳಿದರೆ ಚೆನ್ನಾಗಿ ಗೊತ್ತಾಗುತ್ತದೆ. ನೇರಳೆ ಹೂವಿನ ಜೇನಿಗೆ ಸಣ್ಣ ಕಹಿ ಇರುತ್ತದೆ, ಅದು ಗೆಣಸಿಗೆ ಒಪ್ಪುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ದೋಸೆಗೆ, ರಸಾಯನಕ್ಕೆ ಸರಿ. ಚುಚ್ಚದ ಪುಟ್ಟ ಜೇನುನೊಣ ಕೊಡುವ ಮಿಸರಿ ಜೇನು ನೀರಾಗಿ, ಹುಳಿಯಾಗಿ ಇರುತ್ತದೆ. ಸಿಗುವುದು ಕಡಿಮೆ, ಬೆಲೆ ಜಾಸ್ತಿ, ಸುಮ್ನೆ ಪಾಯಸಕ್ಕೆ ಸುರಿಯಬೇಡಿ. ಹೆಸರುಬೇಳೆ ಕೋಸಂಬರಿಗೆ ನಿಂಬೆರಸ ಕಡಿಮೆ ಮಾಡಿ ಅರ್ಧ ಚಮಚ ಮಿಸರಿ ಜೇನು ಹಾಕಿ. ಹಸಿಮೆಣಸಿನ ಜೊತೆ ಅದು ಕೊಡುವ ರುಚಿ ಬೇರೆ ಯಾವುದರಿಂದಲೂ ಬರುವುದಿಲ್ಲ.

ಜೇನೂ ಸಕ್ಕರೆಯ ಅಂಶವೇ ಆದ್ದರಿಂದ ಮಧುಮೇಹ ಇರುವವರು ಹುಷಾರು. ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೇಬೇಡಿ. ಜೇನಿನಲ್ಲಿ ಬಾಟುಲಿಸಂ ಅನ್ನುವ, ನರಗಳನ್ನು ಸೋಲಿಸುವ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಕಣ ಇರಬಹುದು, ಅಷ್ಟು ಚಿಕ್ಕ ಹೊಟ್ಟೆ ಅದನ್ನು ತಡೆಯಲಾರದು.

ಇನ್ನು, ಗಟ್ಟಿಯಾಯಿತೆಂದು ಜೇನನ್ನು ಕಲಬೆರಕೆ ಅಂತ ಚೆಲ್ಲಬೇಡಿ. ಗ್ಲೂಕೋಸ್ ಹರಳುಗಟ್ಟುವುದು ಜೇನಿನ ಸಹಜ ಗುಣ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ನಾನಂತೂ ಕರಗಿಸುವುದಿಲ್ಲ, ಹಾಗೇ ಚಪಾತಿಗೆ ಸವರುತ್ತೇನೆ. ಕೈಗೆ ಸುರಿಯುವುದಿಲ್ಲ, ಮಕ್ಕಳಿಗೂ ಸುಲಭ.