ವಾಸನೆ ಬರುತ್ತಿದೆ ಅಂದರೆ ಸ್ಪ್ರೇ ಹೊಡೆಯುತ್ತಾರಲ್ಲ!

ವಿಮಾನದಿಂದ ಇಳಿದು ಮೂರು ದಿನ ಆಯಿತು. ತಲೆನೋವು ಇಳಿದಿದೆ, ಸಿಟ್ಟು ಮಾತ್ರ ಇಳಿದಿಲ್ಲ.

ಮೇಲೇರಿ ಹತ್ತು ನಿಮಿಷವೂ ಆಗಿರಲಿಲ್ಲ, ಒಗೆಯದೆ ಮೂಲೆಗೆ ಎಸೆದ ಸಾಕ್ಸ್ ಥರದ ವಾಸನೆ ಶುರುವಾಯಿತು, ಜೊತೆಗೆ ಕಾದ ಎಣ್ಣೆಯ ಘಾಟು. ನನಗೆ ಕಣ್ಣುರಿ. ಪಕ್ಕದಲ್ಲಿದ್ದ ವಯಸ್ಸಾದ ಅಮ್ಮ ಒಂದೇ ಸಮ ಕೆಮ್ಮುತ್ತಿದ್ದರು. ಗುಂಡಿ ಒತ್ತಿ ವಿಮಾನದ ಸಿಬ್ಬಂದಿಯನ್ನು ಕರೆದೆ. "ಎಸಿ ವಾಸನೆ ಮೇಡಂ, ಈಗ ಹೋಗುತ್ತೆ" ಅಂದರು. ಹೋಗಲಿಲ್ಲ. ಮತ್ತೆ ಕರೆದೆ. ಈ ಸಲ ಬಂದವರು ನಮ್ಮ ತಲೆ ಮೇಲೆ ಏರ್ ಫ್ರೆಶ್ನರ್ ಹೊಡೆದು ಹೋದರು!

ಅಲ್ರೀ, ವಾಸನೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕಾದವರೇ ಅದನ್ನು ಮುಚ್ಚಿಬಿಟ್ಟರೆ ಹೇಗೆ? ಬೋಯಿಂಗ್ 787 ಥರದ್ದನ್ನು ಬಿಟ್ಟರೆ ಹೆಚ್ಚಿನ ಜೆಟ್ ವಿಮಾನಗಳಲ್ಲಿ ಒಳಗೆ ಬರುವ ಗಾಳಿಯನ್ನು ಇಂಜಿನ್ನಿನ ಕಂಪ್ರೆಸರ್‌ನಿಂದಲೇ, ಅಂದರೆ ಗಾಳಿಯನ್ನು ಒತ್ತಿ ಹಿಂಡುವ ಭಾಗದಿಂದಲೇ, ತೆಗೆಯುತ್ತಾರೆ. ಅಲ್ಲಿ ಸೀಲ್ ಸವೆದು ಆಯಿಲ್ ಸೋರಿದರೆ ಅದರ ಹೊಗೆ ಸೀದಾ ನಮ್ಮ ಮೂಗಿಗೆ. ಆ ಕೊಳಕು ಸಾಕ್ಸ್ ವಾಸನೆ ಅದರದ್ದೇ ಗುರುತು ಅಂತ ಈ ಕೆಲಸದಲ್ಲಿರುವವರೇ ಹೇಳುತ್ತಾರೆ. ಜೆಟ್ ಇಂಜಿನ್ ಆಯಿಲ್‌ಗಳಲ್ಲಿ ಸಾಮಾನ್ಯವಾಗಿ ಟ್ರೈಕ್ರೆಸಿಲ್ ಫಾಸ್ಫೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದರ ಕೆಲವು ರೂಪಗಳು ನರಕ್ಕೆ ಕೆಟ್ಟದ್ದು. ಒಳಗಿನ ಗಾಳಿ ಸೋಸುವ ಹೆಪಾ ಫಿಲ್ಟರ್ ಇದೆ ಅಂತ ಸಮಾಧಾನ ಮಾಡಬೇಡಿ, ಅದು ಧೂಳು, ರೋಗಾಣು ಹಿಡಿಯುತ್ತದೆ, ಆವಿಯನ್ನಲ್ಲ.

ನಮ್ಮ ವಿಮಾನದಲ್ಲಿ ಆಯಿಲ್ಲೇ ಸೋರಿತು ಅಂತ ನಾನು ಹೇಳುತ್ತಿಲ್ಲ. ಓವನ್ ಇರಬಹುದು, ಟಾಯ್ಲೆಟ್ ಇರಬಹುದು, ಯಾರದೋ ಬ್ಯಾಗಿನಲ್ಲಿ ಪವರ್‌ಬ್ಯಾಂಕ್ ಬಿಸಿಯಾಗಿರಬಹುದು. ಬಂದು ನೋಡದೆ ಎಸಿ ಅಂತ ಹೇಗೆ ಗೊತ್ತಾಯಿತು ನಿಮಗೆ?

"ಪೈಲಟ್‌ಗೆ ಹೇಳಿದಿರಾ?" ಅಂತ ಕೇಳಿದೆ. "ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ" ಅಂದರು. ನನಗೆ ನಿಜಕ್ಕೂ ಭಯವಾಗಿದ್ದು ಆಗ. ಗಾಳಿ ಬರುವ ದಾರಿ ಬದಲಿಸುವುದು, ಬೇಗ ಇಳಿಸುವುದು ಎಲ್ಲ ಪೈಲಟ್ ಕೈಯಲ್ಲೇ ಇರುವುದು. ಅವರಿಗೆ ಬೇರೆ ಆಕ್ಸಿಜನ್ ಮಾಸ್ಕ್ ಇರುತ್ತದೆ, ಬರೀ ಆಕ್ಸಿಜನ್ ಬರುವಂಥದ್ದು. ನಮ್ಮ ತಲೆ ಮೇಲಿನ ಮಾಸ್ಕ್ ಒಳಗಿನ ಗಾಳಿಯನ್ನೂ ಬೆರೆಸಿಯೇ ಕೊಡುತ್ತದೆ, ಹೊಗೆಗೆ ಅದು ಉಪಯೋಗವಿಲ್ಲ. ಅಂದಮೇಲೆ ಅವರಿಗೆ ಹೇಳದೆ ಇನ್ಯಾರಿಗೆ ಹೇಳಬೇಕು? ಇಂಥ ವಾಸನೆ ಗುರುತಿಸಿ ವರದಿ ಮಾಡಲು ಸಿಬ್ಬಂದಿಗೆ ಹೇಗೆ ಕಲಿಸಬೇಕು ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಯಾರು ಓದಿದರೋ!

ಇಳಿದ ರಾತ್ರಿಯೇ ದೂರು ಬರೆದೆ. ಫ್ಲೈಟ್ ನಂಬರ್, ಸೀಟ್, ವಾಸನೆ ಶುರುವಾದ ಹೊತ್ತು, ಎಷ್ಟು ಹೊತ್ತು ಇತ್ತು, ನನಗೇನಾಯಿತು, ಎಲ್ಲ. ಇವತ್ತು ಉತ್ತರ ಬಂತು: "ಕ್ಯಾಬಿನ್ನಿನ ತಾಪಮಾನ ನಿಮಗೆ ಹಿತವಾಗದಿದ್ದಕ್ಕೆ ವಿಷಾದಿಸುತ್ತೇವೆ." ತಾಪಮಾನದ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ಮತ್ತೆ ಬರೆದಿದ್ದೇನೆ. ಆ ವಾಸನೆ ಲಾಗ್‌ಬುಕ್ಕಿಗೆ ಏರಿತಾ, ವಿಮಾನ ಮತ್ತೆ ಹಾರುವ ಮೊದಲು ಇಂಜಿನಿಯರ್ ಬಂದು ನೋಡಿದರಾ, ಇವೆರಡಕ್ಕೆ ಮಾತ್ರ ಉತ್ತರ ಕೊಡಿ ಅಂತ.