ಕಷ್ಟ ಇದ್ದರೂ ಆ ಕಾಲವೇ ಚೆನ್ನಾಗಿತ್ತಾ?

ಪರ: ಆಗ ಕಷ್ಟವನ್ನು ಒಬ್ಬರೇ ಹೊರುತ್ತಿರಲಿಲ್ಲ

ಹಳೇ ಕಾಲ ಚೆನ್ನಾಗಿತ್ತು ಅಂದರೆ ಹಸಿವು ಚೆನ್ನಾಗಿತ್ತು ಅಂತ ಅಲ್ಲ. ಕಷ್ಟ ಬಂದಾಗ ಜೊತೆಗೆ ಜನ ಇರುತ್ತಿದ್ದರು, ನಾನು ಹೇಳೋದು ಇಷ್ಟೇ. ನಮ್ಮ ಮಂಡ್ಯ ಕಡೆ ಮುಯ್ಯಾಳು ಅಂತ ಇತ್ತು. ಇವತ್ತು ನಮ್ಮ ಗದ್ದೆ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಮ್ಮ ಮನೆಯವರು. ಕೈಯಲ್ಲಿ ಕಾಸಿಲ್ಲ ಅಂತ ನಾಟಿ ನಿಲ್ಲುತ್ತಿರಲಿಲ್ಲ. ಈಗ ಆಳು ಹುಡುಕೋದಕ್ಕೆ ಮುಂಚೆ ಸಾಲ ಹುಡುಕಬೇಕು.

ಇನ್ನು ಹಗೇವು. ನೆಲದಲ್ಲಿ ಗುಂಡಿ ತೋಡಿ, ರಾಗಿ ಸುರಿದು, ಹುಲ್ಲು ಹಾಕಿ ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಕಾದು ಇಳಿಯಬೇಕಿತ್ತು, ಅವಸರ ಮಾಡಿದರೆ ಜೀವಕ್ಕೇ ಅಪಾಯ. ಮಳೆ ಕೈಕೊಟ್ಟ ವರ್ಷ ಊಟಕ್ಕೆ ಆ ರಾಗಿ ಇರುತ್ತಿತ್ತು. ನಾವು ಕಬ್ಬು ಕಡಿದು ಕಳಿಸಿ, ದುಡ್ಡು ಯಾವಾಗ ಬರುತ್ತೋ ಅಂತ ಕಾಯುತ್ತೇವೆ.

2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ರೈತರು ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಂಡರಲ್ಲ, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ. ಸಾಲದ ಲೆಕ್ಕವನ್ನು ಹೆಂಡತಿಗೂ ಹೇಳದೆ ಒಳಗೇ ಕೊರಗುವ ಗಂಡಸರು ಇವತ್ತು ಎಷ್ಟು ಜನ ಇದ್ದಾರೋ! ಹಿಂದೆ ಸಂಜೆ ಜಗಲಿ ಮೇಲೆ ಕೂತು ಅಂಥದ್ದನ್ನು ಹೇಳಿಕೊಳ್ಳುತ್ತಿದ್ದರು. ಹೇಳಿಕೊಂಡರೆ ಸಾಲ ತೀರೋಲ್ಲ, ನಿಜ, ಆದರೆ ಮನುಷ್ಯ ಉಳಿಯುತ್ತಿದ್ದ.

ವಿರೋಧ: ಯಾರಿಗೆ ಚೆನ್ನಾಗಿತ್ತು?

ಮೊದಲು ಇದನ್ನು ಹೇಳಿ, ನಸುಕಿನಲ್ಲೇ ಎದ್ದು ರಾಗಿ ಬೀಸುತ್ತಿದ್ದವರು ಯಾರು? ಬೀಸುವ ಪದ ಎಷ್ಟು ಸೊಗಸು ಅಂತ ಈಗ ಎಲ್ಲರೂ ಹೊಗಳುತ್ತಾರೆ. ಆ ಪದಗಳಲ್ಲಿ ತವರಿನ ನೆನಪು, ಅತ್ತೆ ಮನೆಯ ಸಂಕಟ ಅಷ್ಟೊಂದು ಸುಮ್ನೆ ತುಂಬಿಕೊಂಡಿಲ್ಲ. ನಮ್ಮಜ್ಜಿಗೆ ರಾಗಿ ಕಲ್ಲು ತಿರುಗಿಸಿ ಅಂಗೈ ಜಡ್ಡುಗಟ್ಟಿತ್ತು, ಸೌದೆ ಒಲೆ ಊದಿ ಊದಿ ಕಣ್ಣು ಸದಾ ಕೆಂಪು. ಊರಿಗೆ ಹಿಟ್ಟಿನ ಮಿಲ್ಲು ಬಂದದ್ದನ್ನು ಅವರು ಸಾಯುವವರೆಗೂ ಖುಷಿಯಿಂದ ಹೇಳುತ್ತಿದ್ದರು.

ಮುಯ್ಯಾಳು ಇದ್ದದ್ದು ಗದ್ದೆ ಇದ್ದವರ ನಡುವೆ. ಗದ್ದೆಯೇ ಇಲ್ಲದವರು ಜೀತಕ್ಕಿರುತ್ತಿದ್ದರು, ಅಪ್ಪ ಮಾಡಿದ ಸಾಲಕ್ಕೆ ಮಗ ಗೌಡರ ಮನೆ ದನ ಕಾಯುತ್ತಿದ್ದ. ಜೀತ ರದ್ದು ಮಾಡುವ ಕಾಯ್ದೆ ಬಂದಿದ್ದು 1976ರಲ್ಲಿ. ಉಳುವವನಿಗೆ ಭೂಮಿ ಅನ್ನೋದು ಗಟ್ಟಿಯಾಗಿದ್ದೂ 1974ರ ಕಾಯ್ದೆಯಿಂದ, ನಮ್ಮ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ. ಇನ್ನು ಜಗಲಿ ಅಂತೀರಿ, ಅಲ್ಲಿ ಎಲ್ಲರನ್ನೂ ಕೂರಿಸುತ್ತಿದ್ದರಾ? ಬಾವಿಯಿಂದ ದೂರ ನಿಂತು, ಯಾರಾದರೂ ಬಿಂದಿಗೆಗೆ ನೀರು ಹುಯ್ಯಲಿ ಅಂತ ಕಾಯುತ್ತಿದ್ದ ಕೇರಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ.

ಹಗೇವು ತುಂಬೋದಕ್ಕೆ ತಿಂದು ಮಿಕ್ಕಿದ ರಾಗಿ ಇರಬೇಕು. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಸತ್ತರು. ಮಂಡ್ಯದ ಎಷ್ಟೋ ಊರು ಹಸಿರಾಗಿದ್ದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, ನಾಲೆಯಲ್ಲಿ ನೀರು ಹರಿದ ಮೇಲೆ ಅಲ್ವಾ? ಆಗಿನವರು ಗಟ್ಟಿಮುಟ್ಟು ಅನ್ನುವಾಗ ಉಳಿದವರನ್ನು ಮಾತ್ರ ನೋಡುತ್ತೇವೆ. 1951ರ ಹೊತ್ತಿಗೆ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ. ನಮ್ಮಜ್ಜಿ ಹೆತ್ತ ಮಕ್ಕಳಲ್ಲಿ ತೊಟ್ಟಿಲಲ್ಲೇ ಹೋದವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಒಬ್ಬರೇ ಕೊರಗುವ ಕಷ್ಟ ಇವತ್ತು ಜಾಸ್ತಿ ಆಗಿದೆ, ಅದನ್ನು ಒಪ್ಪುತ್ತೇನೆ. ಅದಕ್ಕೆ ಹಿಂದಕ್ಕೆ ಹೋಗಬೇಕಾಗಿಲ್ಲ. ನಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಹೆಂಗಸರು ವಾರಕ್ಕೊಮ್ಮೆ ಕೂತು ದುಡ್ಡು ಕೂಡಿಡುತ್ತಾರೆ, ಯಾರ ಮನೆಯಲ್ಲಿ ಎಷ್ಟು ಸಾಲ ಅಂತ ಬಾಯಿಬಿಟ್ಟು ಮಾತಾಡುತ್ತಾರೆ, ಎಲ್ಲ ಕೇರಿಯವರೂ ಒಂದೇ ಚಾಪೆ ಮೇಲೆ ಕೂರುತ್ತಾರೆ. ಗಂಡಸರೂ ಹಾಗೆ ಒಂದು ಕಡೆ ಸೇರಿ ತಮ್ಮ ಲೆಕ್ಕ ಹೇಳಿಕೊಳ್ಳೋದನ್ನು ಶುರು ಮಾಡಲಿ.