ನಮ್ಮ ತಮ್ಮ ಬೈಕಿಂದ ಬಿದ್ದನಂತೆ!

ಸಾಮಾನು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಪಾದದ ಮೇಲೆ ಹತ್ತಿ ಎಲುಬು ಪುಡಿಯಾದವನ ಆಸ್ಪತ್ರೆ ಕಾಗದದಲ್ಲಿ 'ಸ್ವಂತ ಕೆಲಸಕ್ಕೆ ಹೋಗುವಾಗ ಬೈಕಿಂದ ಬಿದ್ದು ಪೆಟ್ಟು' ಅಂತ ಬರೆದಿದೆ. ನಮ್ಮ ತಮ್ಮನ ಹತ್ತಿರ ಬೈಕೇ ಇಲ್ಲ! ಖಾನಾಪುರ ಕಡೆಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬೆಳಗಾವಿಗೆ ಬರುತ್ತಾನೆ. ಅಲ್ಲಿನ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಗುತ್ತಿಗೆ ಕೆಲಸ. ಅವನು ನೋವಿಂದ ಕೂಗುತ್ತಿದ್ದಾಗ ಸೂಪರ್‌ವೈಸರ್ ತಾನೇ ಮುಂದೆ ನಿಂತು ಬರೆಸಿದ್ದಾನೆ. ಕೇಳಿದರೆ, "ಎಂಎಲ್‌ಸಿ ಆದ್ರ ಪೊಲೀಸ್ರು ಬರ್ತಾರ, ಸುಮ್ನ ಯಾಕ ತ್ರಾಸು? ಖರ್ಚು ನಾವು ನೋಡ್ಕೋತೀವಿ" ಅಂದ. ಎಂಎಲ್‌ಸಿ ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ಕೇಸು. ಮೊದಲ ಬಿಲ್ ಕಟ್ಟಿದರು. ಆಮೇಲೆ ಫೋನೇ ಎತ್ತುತ್ತಿಲ್ಲ.

ಆದದ್ದು ಇಷ್ಟು. ಎರಕ ಹೊಯ್ದ ತುಂಡು ತುಂಬಿದ ಬಿನ್ ಇಳಿಸಿ ಫೋರ್ಕ್‌ಲಿಫ್ಟ್ ರಿವರ್ಸ್ ಬರುತ್ತಿತ್ತು. ಅದು ಕಾರಿನ ಹಾಗೆ ತಿರುಗುವ ಗಾಡಿ ಅಲ್ಲ. ಹಿಂದಿನ ಚಕ್ರ ತಿರುಗುತ್ತದೆ, ಹಾಗಾಗಿ ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಮುಂದಿನ ಭಾರಕ್ಕೆ ಸರಿದೂಗಲಿ ಅಂತ ಹಿಂದೆ ಕಬ್ಬಿಣದ ದಪ್ಪ ದಿಮ್ಮಿ ಕೂರಿಸಿರುತ್ತಾರೆ. 3 ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ 4 ಟನ್ ಮೇಲೆ ತೂಗುತ್ತದೆ. ಸೇಫ್ಟಿ ಶೂ ಹಾಕಿದ್ದ ರೀ, ಹಾಕಿದ್ದ! ಆದರೆ ಅದರ ಸ್ಟೀಲ್ ಇರುವುದು ಬೆರಳ ತುದಿಗೆ. ಚಕ್ರ ಹತ್ತಿದ್ದು ಅದರ ಹಿಂದೆ, ಪಾದದ ಮೇಲೆ.

ರಿವರ್ಸ್ ಬೀಪರ್ ಕೂಗಲಿಲ್ಲ. ಯಾಕೆ? ವೈರ್ ಕಿತ್ತಿದ್ದರು. ಮೇಲಿನ ಆಫೀಸಿನವರಿಗೆ ಕಿರಿಕಿರಿಯಂತೆ. ಓಡಿಸುತ್ತಿದ್ದವನು ಡ್ರೈವರೂ ಅಲ್ಲ. ಡ್ರೈವರ್ ರಜೆ ಅಂತ ಒಬ್ಬ ಹೆಲ್ಪರ್ ಹುಡುಗನ ಕೈಗೆ ಕೀಲಿ ಕೊಟ್ಟಿದ್ದರು. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಲ್ಲೆ ಅಂದಿದ್ದರೆ ಮರುದಿನ ಅವನಿಗೆ ಕೆಲಸ ಇರುತ್ತಿತ್ತಾ?

ಬೈಕಿನ ಆ ಒಂದು ಸಾಲು ಸುಳ್ಳಿನಿಂದ ಎಷ್ಟು ಹೋಗುತ್ತದೆ ನೋಡಿ. ತಮ್ಮನ ಪಗಾರದಿಂದ ತಿಂಗಳಾ ತಿಂಗಳಾ 0.75 ಪರ್ಸೆಂಟ್ ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, ಕಟ್ ಆಗುತ್ತದೆ. ಕೆಲಸದಲ್ಲಿ ಆದ ಗಾಯ ಅಂದರೆ, ದುಡಿಯಲು ಆಗದಷ್ಟು ದಿನ ಕೂಲಿಯ 90 ಪರ್ಸೆಂಟ್ ಬರಬೇಕು. ಕಾಲು ಊನವಾಗಿಯೇ ಉಳಿದರೆ, ಮೆಡಿಕಲ್ ಬೋರ್ಡ್ ಎಷ್ಟು ಊನ ಅಂತ ಹೇಳುತ್ತದೋ ಅದರ ಲೆಕ್ಕದಲ್ಲಿ ಬದುಕಿರುವ ತನಕ ತಿಂಗಳ ಹಣ. ಬೈಕಿಂದ ಬಿದ್ದವನಿಗೆ? ಜ್ವರ ಬಂದು ಮಲಗಿದವನಿಗೆ ಕೊಡುವ ರಜೆ ಹಣ. 70 ಪರ್ಸೆಂಟ್, ಅದೂ ವರ್ಷಕ್ಕೆ 91 ದಿನ, ಮುಗೀತು. ಮತ್ತೆ ಕೆಲಸಕ್ಕೆ ಬರುವ ದಾರಿಯಲ್ಲಿ ಬಿದ್ದರೂ ಅದು ಕೆಲಸದ ಗಾಯವೇ ಅಂತ 2010ರಲ್ಲೇ ತಿದ್ದುಪಡಿ ಆಗಿದೆ. ಅದು ಗೊತ್ತಿದ್ದೇ 'ಸ್ವಂತ ಕೆಲಸಕ್ಕೆ' ಅಂತ ಸೇರಿಸಿದ್ದಾರೆ. ಈ ತಲೆಯನ್ನು ಬೀಪರ್ ರಿಪೇರಿಗೆ ಓಡಿಸಬಾರದಿತ್ತಾ?

ಮುಚ್ಚಿಡಲು ಇನ್ನೊಂದು ಕಾರಣ ಇದೆ. ಗಾಯ ಆದವನು 48 ತಾಸು ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ತಿಳಿಸಲೇಬೇಕು. ಅವರು ಬಂದರೆ ಬೀಪರ್ ನೋಡುತ್ತಾರೆ, ಓಡಿಸಿದವನ ತರಬೇತಿ ಕಾಗದ ಕೇಳುತ್ತಾರೆ. ನಡೆಯುವವರಿಗೆ ಬೇರೆ ದಾರಿ ಎಲ್ಲಿ ಅಂತ ಕೇಳುತ್ತಾರೆ. ನೆಲದ ಮೇಲೆ ಒಂದು ಹಳದಿ ಗೆರೆ ಎಳೆಯುವ ಯೋಗ್ಯತೆ ಇವರಿಗಿಲ್ಲ!

ಕಂಪನಿಯವರು "ಅವ ನಮ್ಮ ಆಳಲ್ಲ, ಗುತ್ತಿಗೆದಾರನ್ನ ಕೇಳ್ರಿ" ಅನ್ನುತ್ತಾರೆ. ಗುತ್ತಿಗೆದಾರ "ಗಾಡಿ ಕಂಪನೀದು" ಅನ್ನುತ್ತಾನೆ. ಹೆಚ್‌ಆರ್ ಅಂತ ಒಬ್ಬ ಇದ್ದಾನೆ, ಅವನು "ನಿಮ್ಮ ತಮ್ಮಂದೂ ತಪ್ಪೈತಿ, ನೋಡಿ ನಿಲ್ಲಬೇಕಿತ್ತು" ಅಂತ ಉಪದೇಶ ಮಾಡಿದ. ಕುಡಿದು ಬಂದಿರಲಿಲ್ಲ, ಗೊತ್ತಿದ್ದೂ ನಿಯಮ ಮುರಿದಿರಲಿಲ್ಲ. ಗಮನ ತಪ್ಪಿತು ಅನ್ನುವ ಕಾರಣಕ್ಕೆ ಪರಿಹಾರ ತಪ್ಪಿಸುವಂತಿಲ್ಲ. ಇದು ಬ್ರಿಟಿಷರ ಕಾಲದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದಲೂ ಇರುವ ಮಾತು.

ಈಗ ಹೊಸ ನಾಟಕ. ಬಾಂಡ್ ಪೇಪರ್ ತಂದಿದ್ದಾರೆ. 25 ಸಾವಿರ ತಗೊಂಡು 'ಇನ್ನು ಏನೂ ಕೇಳುವುದಿಲ್ಲ' ಅಂತ ಸಹಿ ಹಾಕಬೇಕಂತೆ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೆ ಅದು ನಡೆಯುವುದಿಲ್ಲ ಅಂತ ಅದೇ 1923ರ ಕಾಯ್ದೆಯ 17ನೇ ಸೆಕ್ಷನ್ ಹೇಳಿತ್ತು. ಆದರೆ ಅವ್ವ, "ಬಂದಷ್ಟು ಬರಲಿ, ಹಾಕಿಬಿಡೂಣು" ಅನ್ನುತ್ತಾಳೆ. ಸೊಸೈಟಿ ಸಾಲದ ಕಂತು ಅವಳ ತಲೆ ಮೇಲಿದೆ. ಅವಳಿಗೆ ಏನಂತ ಹೇಳಲಿ?

ನಾವು ಸಹಿ ಹಾಕಿಲ್ಲ. ಇಎಸ್‌ಐಗೂ ಇನ್‌ಸ್ಪೆಕ್ಟರಿಗೂ ಬರೆದು ಕೊಟ್ಟಿದ್ದೇವೆ. ಕಣ್ಣಾರೆ ಕಂಡವರು ಇದ್ದಾರೆ, ಆದರೆ ಗೇಟ್ ಪಾಸ್ ಹೋಗುತ್ತದೆ ಅಂತ ಬಾಯಿ ಬಿಡುತ್ತಿಲ್ಲ. ಸಿಸಿಟಿವಿ ಕೊಡಿ ಅಂದರೆ, ಆ ಶಿಫ್ಟಿನಲ್ಲಿ ಕರೆಂಟೇ ಇರಲಿಲ್ಲವಂತೆ. ಅಲ್ಲ ಸ್ವಾಮಿ, ಕರೆಂಟ್ ಇಲ್ಲದೆ ನಿಮ್ಮ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್ ಏನು ಸೌದೆಯಲ್ಲಿ ಉರಿಯಿತಾ?